ಪುಟ್ಟ ರೈಲ್ ಎಂಜಿನ್ ಮಾದರಿ ಎಷ್ಟು ನಿಖರ? ಒರೆಗೆ ಹಚ್ಚುವುದು ಹೇಗೆ

ಎನ್ ಸ್ಕೇಲಿನ, ಅಂದರೆ ನಿಜವಾದ ಎಂಜಿನ್ನಿನ ಸುಮಾರು 160ನೇ ಒಂದು ಭಾಗದಷ್ಟಿರುವ, ಒಂದು ಹೊಸ ಎಂಜಿನ್ ಡಬ್ಬಿಯಿಂದ ಹೊರಗೆ ಬಂದ ಕೂಡಲೇ ನಾವೆಲ್ಲ ಮಾಡುವ ಮೊದಲ ಕೆಲಸ ಒಂದೇ. ಕಣ್ಣಿಗೆ ಹತ್ತಿರ ಹಿಡಿದು ರಿವೆಟ್ (ತಗಡುಗಳನ್ನು ಜೋಡಿಸುವ ಮೊಳೆಯ ತಲೆ) ಹುಡುಕುತ್ತೇವೆ. ರಿವೆಟ್ ಸಾಲು ಇದೆ, ಕೈಹಿಡಿ ಕಂಬಿಗಳನ್ನು ಬೇರೆಯಾಗಿ ಕೂರಿಸಿದ್ದಾರೆ, ಭೂತಗನ್ನಡಿ ಹಿಡಿದರೆ ನಂಬರ್ ಪ್ಲೇಟಿನ ಸಣ್ಣ ಅಕ್ಷರವೂ ಓದಲು ಬರುತ್ತದೆ, ಹಾಗಾದರೆ ಮಾದರಿ ಚೆನ್ನಾಗಿದೆ ಅಂತ ತೀರ್ಮಾನ ಮಾಡಿಬಿಡುತ್ತೇವೆ. ನಾನೂ ತುಂಬಾ ವರ್ಷ ಹೀಗೇ ನೋಡುತ್ತಿದ್ದೆ. ಈ ಕ್ರಮ ಪೂರ್ತಿ ತಲೆಕೆಳಗು ಅಂತ ನನಗೆ ಗೊತ್ತಾಗಿದ್ದು ಒಂದು ಹಬೆ ಎಂಜಿನ್ನಿನಿಂದ.

ವಿವರದಲ್ಲಿ ಅದಕ್ಕೆ ಸಾಟಿ ಇರಲಿಲ್ಲ. ಬಾಯ್ಲರ್ ಮೇಲಿನ ಪೈಪು, ಕ್ಯಾಬಿನ ಒಳಗಿನ ಮೀಟರುಗಳು, ಎಲ್ಲವೂ ಇತ್ತು. ಆದರೆ ಹಳಿ ಮೇಲೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದು ನೋಡಿದರೆ ಏನೋ ಸರಿ ಇಲ್ಲ. ತಲೆಭಾರ ಆದ ಹಾಗೆ, ಎತ್ತರದ ಸ್ಟೂಲಿನ ಮೇಲೆ ಕೂತ ಹಾಗೆ. ಮೂರು ವಾರ ಆದಮೇಲೆ ಕ್ಯಾಲಿಪರ್ ತೆಗೆದು ಅಳೆದೆ. ಹಳಿಯಿಂದ ಬಾಯ್ಲರಿನ ನಡುಗೆರೆಗೆ ಇರಬೇಕಾದ ಎತ್ತರಕ್ಕಿಂತ 1.2 ಮಿ.ಮೀ. ಜಾಸ್ತಿ ಇತ್ತು. ಇಷ್ಟೇ ಅಲ್ವಾ ಅನ್ನಬೇಡಿ. 160ರಿಂದ ಗುಣಿಸಿ ನೋಡಿ, 19 ಸೆಂ.ಮೀ. ಆಯಿತು. ಒಳಗಿನ ಮೋಟಾರು, ಗೇರುಗಳಿಗೆ ಜಾಗ ಬೇಕಿತ್ತು, ಇಡೀ ಬಾಯ್ಲರನ್ನೇ ಮೇಲೆತ್ತಿದ್ದರು. ಆ ಅಂದದ ರಿವೆಟ್ಟುಗಳೆಲ್ಲ ತಪ್ಪು ಎತ್ತರದಲ್ಲಿ ಕೂತಿದ್ದವು.

ವಿವರ ಜಾಸ್ತಿ ಇರುವುದು ಬೇರೆ, ನಿಖರವಾಗಿರುವುದು ಬೇರೆ. ಮೊದಲು ಆಕಾರ, ಆಮೇಲೆ ಆ ಎಂಜಿನ್ ಯಾವ ಕಾಲದ್ದು ಅನ್ನುವುದು, ಕೊನೆಗೆ ರಿವೆಟ್. ಈ ಕ್ರಮದಲ್ಲಿ ನೋಡಿದರೆ ಮೋಸ ಹೋಗುವುದು ಕಡಿಮೆ. ಹೇಗೆ ನೋಡುವುದು ಅಂತ ಕೆಳಗೆ ಬರೆದಿದ್ದೇನೆ.

ಮೊದಲು ಸ್ಕೇಲ್ ಯಾವುದು ಅಂತ ತಿಳಿದುಕೊಳ್ಳಿ

ಸ್ಕೇಲ್ ಅಂದರೆ ನಿಜವಾದ ಎಂಜಿನ್ನಿನ ಅಳತೆಯನ್ನು ಎಷ್ಟರಿಂದ ಭಾಗಿಸಿದ್ದಾರೆ ಅನ್ನುವುದು. ಗೇಜ್ ಅಂದರೆ ಎರಡು ಹಳಿಗಳ ನಡುವಿನ ಅಂತರ. ಇವೆರಡನ್ನೂ ಒಂದೇ ಅಂದುಕೊಂಡರೆ ಮುಂದಿನ ಲೆಕ್ಕವೆಲ್ಲ ಹಾಳು.

ಎನ್ ಅಂದರೆ 9 ಮಿ.ಮೀ. ಗೇಜ್, ಅಷ್ಟು ಮಾತ್ರ ಖಚಿತ. ಅಮೆರಿಕ ಮತ್ತು ಯುರೋಪ್ ಖಂಡದ ಮಾದರಿಗಳು 1:160. ಬ್ರಿಟನ್ನಿನವು 1:148. ಜಪಾನಿನವು 1:150, ಆದರೆ ಅಲ್ಲಿಯ ಬುಲೆಟ್ ರೈಲು ಶಿಂಕಾನ್‌ಸೆನ್ ಮಾತ್ರ 1:160. ಎಲ್ಲವೂ ಓಡುವುದು ಒಂದೇ 9 ಮಿ.ಮೀ. ಹಳಿ ಮೇಲೆ. 9ನ್ನು 160ರಿಂದ ಗುಣಿಸಿದರೆ 1440 ಮಿ.ಮೀ., ನಿಜವಾದ ಸ್ಟ್ಯಾಂಡರ್ಡ್ ಗೇಜ್ (ಅಮೆರಿಕ, ಯುರೋಪಿನ ಸಾಮಾನ್ಯ ಹಳಿ ಅಂತರ) 1435, ಹೆಚ್ಚುಕಡಿಮೆ ಸರಿ. ಅದೇ 9ನ್ನು 148ರಿಂದ ಗುಣಿಸಿದರೆ 1332 ಮಾತ್ರ. ಅಂದರೆ ಬ್ರಿಟಿಷ್ ಎನ್ ಎಂಜಿನ್ ತನ್ನ ಹಳಿಗಿಂತ ಸ್ವಲ್ಪ ದೊಡ್ಡದು. ಜಪಾನಿನಲ್ಲಿ ಇದು ಉಲ್ಟಾ. ಅಲ್ಲಿಯ ಹಳೆಯ ಮಾರ್ಗಗಳ ಗೇಜ್ 1067 ಮಿ.ಮೀ., 1:150ಕ್ಕೆ ಇಳಿಸಿದರೆ 7.1 ಮಿ.ಮೀ. ಬರಬೇಕು, ಓಡುವುದು 9ರ ಮೇಲೆ. ಎದುರಿನಿಂದ ನೋಡಿದರೆ ಕಾಲು ಅಗಲಿಸಿ ನಿಂತ ಹಾಗೆ ಕಾಣುವುದು ಅದಕ್ಕೇ.

ಬೇರೆ ಅಳತೆಗಳಲ್ಲೂ ಇದೇ ಕಥೆ. ಎಚ್‌ಒ 1:87, ಹಳಿ 16.5 ಮಿ.ಮೀ., ಲೆಕ್ಕ ಸರಿ ಕೂರುತ್ತದೆ. ಬ್ರಿಟನ್ನಿನ ಒಒ 1:76, ಹಳಿ ಅದೇ 16.5, ಹಾಗಾಗಿ ನಿಜದ ಲೆಕ್ಕದಲ್ಲಿ 18 ಸೆಂ.ಮೀ. ಕಿರಿದು. ಇದನ್ನು ಸಹಿಸದವರು 18.83 ಮಿ.ಮೀ. ಹಳಿ ಹಾಕಿಕೊಂಡು ಪಿ4 ಅಂತ ಬೇರೆ ದಾರಿ ಹಿಡಿದರು. 1972ರಲ್ಲಿ ಜರ್ಮನಿಯ ಮಾರ್ಕ್ಲಿನ್ ಕಂಪನಿ ತಂದ ಝಡ್ ಸ್ಕೇಲ್ 1:220, ಹಳಿ 6.5 ಮಿ.ಮೀ., ಅದು ಸರಿಯಾಗಿದೆ.

ಗೇಜಿನ ಈ ತಪ್ಪನ್ನು ನಾನು ಮಾದರಿಯ ಲೆಕ್ಕಕ್ಕೆ ಹಾಕುವುದಿಲ್ಲ. ಅದು ಹಿಂದಿನಿಂದ ಬಂದ ಒಪ್ಪಂದ, ಒಂದು ಎಂಜಿನ್ ಮಾಡುವವರು ಬದಲಿಸಲು ಆಗುವುದಿಲ್ಲ. ಆದರೆ ಯಾವ ಸಂಖ್ಯೆಯಿಂದ ಭಾಗಿಸಬೇಕು ಅನ್ನುವುದು ಮೊದಲೇ ಗೊತ್ತಿರಬೇಕು. ಬ್ರಿಟಿಷ್ ಎಂಜಿನ್ನನ್ನು 160ರಿಂದ ಭಾಗಿಸಿ ನೋಡಿ, ಉದ್ದ ಜಾಸ್ತಿ ಆಯಿತು ಅಂತ ಸುಮ್ನೆ ದೂರುವವರನ್ನು ನೋಡಿದ್ದೇನೆ.

ಯಾವ ಎಂಜಿನ್, ಯಾವ ವರ್ಷ

ಮಾದರಿಯನ್ನು ಯಾವುದರ ಜೊತೆ ಹೋಲಿಸುತ್ತೀರಿ? "ಆ ವರ್ಗದ ಎಂಜಿನ್" ಅಂದರೆ ಸಾಲದು. ಒಂದು ನಂಬರು ಬೇಕು, ಒಂದು ವರ್ಷ ಬೇಕು. ಯಾಕೆಂದರೆ ಎಂಜಿನ್‌ಗಳು ನಲವತ್ತು ವರ್ಷ ದುಡಿಯುತ್ತವೆ, ಪ್ರತಿ ಸಲ ಕಾರ್ಖಾನೆಗೆ ಹೋದಾಗಲೂ ಏನಾದರೂ ಬದಲಾಗಿ ಬರುತ್ತದೆ.

ಎಲ್ಲರಿಗೂ ಗೊತ್ತಿರುವ ಬ್ರಿಟನ್ನಿನ ಹಬೆ ಎಂಜಿನ್ ಫ್ಲೈಯಿಂಗ್ ಸ್ಕಾಟ್ಸ್‌ಮನ್ ತೆಗೆದುಕೊಳ್ಳಿ. 1923ರ ಫೆಬ್ರವರಿಯಲ್ಲಿ ಹೊರಬಂದಾಗ ಅದರ ನಂಬರು 1472. ಮರುವರ್ಷ 4472 ಆಯಿತು. 1928ರ ಮೇ 1ರಂದು ಲಂಡನ್ನಿನಿಂದ ಎಡಿನ್‌ಬರಾಗೆ ಎಲ್ಲೂ ನಿಲ್ಲದೆ ಓಡಿತಲ್ಲ, ಆಗ ಅದಕ್ಕೆ ಕಾರಿಡಾರ್ ಟೆಂಡರ್ (ಟೆಂಡರ್ ಅಂದರೆ ಕಲ್ಲಿದ್ದಲು, ನೀರು ಹೊರುವ ಹಿಂದಿನ ಗಾಡಿ) ಇತ್ತು, ದಾರಿಯಲ್ಲಿ ಡ್ರೈವರ್ ಬದಲಾಗಲು ಟೆಂಡರಿನ ಒಳಗೇ ಒಂದು ಓಣಿ. 1947ರಲ್ಲಿ ಬೇರೆ ಬಾಯ್ಲರ್ ಹಾಕಿ ಎ3 ವರ್ಗಕ್ಕೆ ಸೇರಿಸಿದರು. 1948ರಲ್ಲಿ ನಂಬರು 60103. ಜೋಡಿ ಚಿಮಣಿ ಬಂದಿದ್ದು 1959ರಲ್ಲಿ. ಚಿಮಣಿಯ ಅಕ್ಕಪಕ್ಕದ ಹೊಗೆ ತಡೆಯುವ ತಗಡುಗಳು ಬಂದಿದ್ದು ಇನ್ನೂ ಆಮೇಲೆ. ಒಂದೇ ಎಂಜಿನ್ನಿಗೆ ಎಷ್ಟು ಮುಖ ನೋಡಿ. ಡಬ್ಬಿ ಮೇಲೆ 1928 ಅಂತ ಬರೆದು ಒಳಗೆ ಜೋಡಿ ಚಿಮಣಿ ಇಟ್ಟಿದ್ದರೆ ಆ ಚಿಮಣಿ ಎಷ್ಟೇ ನಾಜೂಕಾಗಿರಲಿ, ತಪ್ಪು ತಪ್ಪೇ.

ಬ್ರಿಟನ್ನಿನದೇ ಇನ್ನೊಂದು ಹಬೆ ಎಂಜಿನ್ ಮ್ಯಾಲಾರ್ಡ್ ಕೂಡ ಹಾಗೇ. 1938ರ ಜುಲೈ 3ರಂದು ಗಂಟೆಗೆ 126 ಮೈಲಿ ಓಡಿ ದಾಖಲೆ ಮಾಡಿದಾಗ ಅದರ ಚಕ್ರಗಳ ಮೇಲ್ಭಾಗವನ್ನು ಮುಚ್ಚುವ ಉದ್ದನೆಯ ತಗಡು ಇತ್ತು. ಯುದ್ಧದ ಕಾಲದಲ್ಲಿ ರಿಪೇರಿ ಸುಲಭ ಆಗಲಿ ಅಂತ ಆ ವರ್ಗದ ಎಂಜಿನ್‌ಗಳ ತಗಡು ತೆಗೆದರು. ಇವತ್ತು ಮ್ಯೂಸಿಯಮ್ಮಿನಲ್ಲಿ ನಿಂತಿರುವ ಮ್ಯಾಲಾರ್ಡಿಗೆ ಮತ್ತೆ ತಗಡು ಇದೆ. ಹಾಗಾಗಿ 1955ರ ಮ್ಯಾಲಾರ್ಡ್ ಮಾದರಿಯನ್ನು ಮ್ಯೂಸಿಯಮ್ ಫೋಟೋ ಇಟ್ಟುಕೊಂಡು ಅಳೆಯಬಾರದು.

ಉಳಿಸಿಟ್ಟ ಎಂಜಿನ್‌ಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಈಗ ಎಷ್ಟೋ ಕಂಪನಿಗಳು ಉಳಿದಿರುವ ಎಂಜಿನ್ನನ್ನು ಲೇಸರ್ ಸ್ಕ್ಯಾನ್ ಮಾಡಿ ಅಚ್ಚು ತಯಾರಿಸುತ್ತವೆ. ಅಳತೆ ಕರಾರುವಾಕ್ಕಾಗಿ ಬರುತ್ತದೆ, ಖುಷಿಯ ವಿಷಯವೇ. ಆದರೆ ಸ್ಕ್ಯಾನಿಗೆ ಸಿಗುವುದು ಇವತ್ತಿನ ಎಂಜಿನ್. ಆಮೇಲೆ ಸೇರಿಸಿದ ಸುರಕ್ಷತಾ ಪೆಟ್ಟಿಗೆ, ಬೇರೆ ಎಂಜಿನ್ನಿನಿಂದ ಬಂದ ಟೆಂಡರ್, ಹೊಸ ದೀಪ, ಎಲ್ಲವೂ ಮಾದರಿಯೊಳಗೆ ನುಸುಳಬಹುದು.

ಆಧಾರ ಯಾವುದು ಬೇಕು ಅಂದರೆ, ಅಳತೆ ಬರೆದಿರುವ ಕಾರ್ಖಾನೆ ನಕ್ಷೆ ಸಿಕ್ಕರೆ ಅದೇ ಎಲ್ಲಕ್ಕಿಂತ ಮೇಲು. ಆಮೇಲೆ ಆ ಕಾಲದ ಫೋಟೋಗಳು, ಕಡಿಮೆ ಅಂದರೂ ಮೂರು: ಎರಡೂ ಪಕ್ಕದ್ದು, ಎದುರಿನದ್ದು. ಪತ್ರಿಕೆಗಳಲ್ಲಿ ಬರುವ ಮಾದರಿ ನಕ್ಷೆಗಳನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. ಒಬ್ಬರ ನಕ್ಷೆ ನೋಡಿ ಇನ್ನೊಬ್ಬರು ಬರೆದಿರುತ್ತಾರೆ, ಮೊದಲನೆಯವರ ತಪ್ಪು ಕೊನೆಯವರೆಗೂ ಬರುತ್ತದೆ. ನಕ್ಷೆಯ ಗೆರೆಯನ್ನು ಅಳೆಯಬೇಡಿ, ನಕ್ಷೆಯ ಮೇಲೆ ಬರೆದ ಸಂಖ್ಯೆಯನ್ನು ಓದಿ. ಕಾಗದ ಹಿಗ್ಗುತ್ತದೆ, ಪ್ರಿಂಟರ್ ಕುಗ್ಗಿಸುತ್ತದೆ, ಸಂಖ್ಯೆ ಹಾಗೇ ಇರುತ್ತದೆ.

ಆಕಾರ ಅಳೆಯುವುದು

ಬೇಕಾದ ಸಾಮಾನು ಕಡಿಮೆ. ಡಿಜಿಟಲ್ ಕ್ಯಾಲಿಪರ್ ಒಂದು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಒಂದು, ಒಂದು ತುಂಡು ನೇರ ಹಳಿ, ಫೋನ್ ಕ್ಯಾಮೆರಾ. ಕ್ಯಾಲಿಪರಿನ ಬಾಯಿಗೆ ತೆಳು ಟೇಪ್ ಅಂಟಿಸಿ ಸೊನ್ನೆ ಮಾಡಿಕೊಳ್ಳಿ, ಬಣ್ಣ ಕೆರೆಯುವುದಿಲ್ಲ.

ಅಳೆಯಬೇಕಾದದ್ದು ಆರೇಳು ಜಾಗ ಸಾಕು. ಬಫರಿನಿಂದ ಬಫರಿಗೆ (ಎರಡೂ ತುದಿಯಲ್ಲಿ ಡಿಕ್ಕಿ ತಡೆಯುವ ಗುಂಡಿಗಳು) ಉದ್ದ, ಚಕ್ರಗಳ ವ್ಯಾಸ, ಚಕ್ರದಿಂದ ಚಕ್ರಕ್ಕೆ ದೂರ, ಹಳಿಯಿಂದ ಚಿಮಣಿ ತುದಿ, ಹಳಿಯಿಂದ ಬಾಯ್ಲರ್ ನಡುಗೆರೆ, ಕ್ಯಾಬಿನ ಅಗಲ, ಬಾಯ್ಲರಿನ ದಪ್ಪ. ಎತ್ತರಗಳನ್ನು ಯಾವಾಗಲೂ ಎಂಜಿನ್ನನ್ನು ಹಳಿ ಮೇಲೆ ನಿಲ್ಲಿಸಿ ಹಳಿಯ ತಲೆಯಿಂದಲೇ ಅಳೆಯಿರಿ. ಮೇಜಿನ ಮೇಲೆ ನಿಲ್ಲಿಸಿದರೆ ಎಂಜಿನ್ ಚಕ್ರದ ಅಂಚಿನ ಮೇಲೆ ನಿಂತಿರುತ್ತದೆ, ಅರ್ಧ ಮಿಲಿಮೀಟರ್ ಅಲ್ಲೇ ಹೋಯಿತು.

ಜರ್ಮನಿಯ 01 ವರ್ಗದ ಎಂಜಿನ್ ಉದಾಹರಣೆಗೆ ನೋಡೋಣ. ಬಫರಿನಿಂದ ಬಫರಿಗೆ 23.94 ಮೀಟರ್. 160ರಿಂದ ಭಾಗಿಸಿದರೆ 149.6 ಮಿ.ಮೀ. ನಿಮ್ಮ ಮಾದರಿ 152 ಬಂತು ಅನ್ನಿ. ಗಾಬರಿ ಬೇಡ, ಆ ಹೆಚ್ಚಿನ 2.4 ಎಲ್ಲಿದೆ ಅಂತ ಹುಡುಕಿ. ಸಾಮಾನ್ಯವಾಗಿ ಎಂಜಿನ್ನಿಗೂ ಟೆಂಡರಿಗೂ ನಡುವಿನ ಸಂದಿಯಲ್ಲಿ ಇರುತ್ತದೆ. ಮನೆಯ ಹಳಿ 250 ಮಿ.ಮೀ. ತ್ರಿಜ್ಯದಲ್ಲಿ ತಿರುಗುತ್ತದೆ, ಅದು ನಿಜದಲ್ಲಿ 40 ಮೀಟರ್, ಯಾವ ದೊಡ್ಡ ಎಂಜಿನ್ನೂ ಅಷ್ಟು ಬಿಗಿಯಾಗಿ ತಿರುಗದು. ಅದಕ್ಕೆ ಸಂದಿ ದೊಡ್ಡದು ಬಿಟ್ಟಿರುತ್ತಾರೆ. ಕೊಂಡಿಯಲ್ಲಿ ಎರಡನೇ ತೂತು ಇದ್ದರೆ ಹತ್ತಿರಕ್ಕೆ ತರಬಹುದು. ಅದೇ 2.4 ಮಿ.ಮೀ. ಬಾಯ್ಲರಿನಲ್ಲೇ ಇದ್ದರೆ ಮಾತ್ರ ಅದು ನಿಜವಾದ ತಪ್ಪು.

ಇದೇ 01ರಲ್ಲಿ ಇನ್ನೊಂದು ಚೆಂದದ ಪರೀಕ್ಷೆ ಇದೆ. ಮೊದಲು ಬಂದವುಗಳ ಮುಂದಿನ ಸಣ್ಣ ಚಕ್ರ 850 ಮಿ.ಮೀ., 01 102ರಿಂದ ಮುಂದಿನವುಗಳಿಗೆ 1000 ಮಿ.ಮೀ. ಎನ್ ಸ್ಕೇಲಿನಲ್ಲಿ 5.3 ಮತ್ತು 6.25. ಹೆಚ್ಚುಕಡಿಮೆ ಒಂದು ಮಿಲಿಮೀಟರ್ ವ್ಯತ್ಯಾಸ, ಕ್ಯಾಲಿಪರಿಗೆ ಸುಲಭವಾಗಿ ಸಿಗುತ್ತದೆ. ನಂಬರ್ ಪ್ಲೇಟ್ ಒಂದು ಹೇಳಿ ಚಕ್ರ ಇನ್ನೊಂದು ಹೇಳಿದರೆ ಒಂದೇ ಅಚ್ಚಿನ ಮೇಲೆ ಬೇರೆ ಬೇರೆ ನಂಬರು ಹಾಕಿ ಮಾರಿದ್ದಾರೆ ಅಂತ ಅರ್ಥ.

ಡೀಸೆಲ್ ಎಂಜಿನ್ನುಗಳಲ್ಲಿ ನಾನು ಮೊದಲು ಅಳೆಯುವುದು ಅಗಲ. ಒಂದು ಕಾಲದಲ್ಲಿ ಎಷ್ಟೋ ಅಮೆರಿಕನ್ ಡೀಸೆಲ್ ಮಾದರಿಗಳಲ್ಲಿ ಮೋಟಾರು ಹಿಡಿಸಲಿ ಅಂತ ಹುಡ್ಡನ್ನೇ (ಯಂತ್ರವನ್ನು ಮುಚ್ಚುವ ಉದ್ದನೆಯ ಪೆಟ್ಟಿಗೆ) ಅಗಲ ಮಾಡುತ್ತಿದ್ದರು. ಪಕ್ಕದಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಎದುರಿನಿಂದ ನೋಡಿದರೆ ಹುಡ್ಡಿನ ಪಕ್ಕದ ನಡೆದಾಡುವ ಹಲಗೆ ಕಿರಿದಾಗಿ, ಕ್ಯಾಬಿನ ಮುಂದಿನ ಕಿಟಕಿಗಳು ಹಿಂಡಿದ ಹಾಗೆ ಇರುತ್ತವೆ. ಆಮೇಲೆ ಬೋಗಿಯ (ಇಲ್ಲಿ ರೈಲು ಡಬ್ಬಿ ಅಲ್ಲ, ಎಂಜಿನ್ನಿನ ಕೆಳಗಿನ ಚಕ್ರಗಳ ಚೌಕಟ್ಟು) ಚಕ್ರಗಳ ನಡುವಿನ ದೂರ. ಅಮೆರಿಕದ ಜಿಪಿ7, ಜಿಪಿ9 ಡೀಸೆಲ್ ಎಂಜಿನ್ನುಗಳ ಬೋಗಿಯಲ್ಲಿ ಅದು 9 ಅಡಿ, ಅಂದರೆ 1:160ರಲ್ಲಿ 17.1 ಮಿ.ಮೀ., ಚಕ್ರ 40 ಇಂಚು, ಅಂದರೆ 6.35. ಒಂದೇ ಚಾಸಿಯ ಮೇಲೆ ನಾಲ್ಕು ಬೇರೆ ಎಂಜಿನ್ನಿನ ಮೈ ಕೂರಿಸುವ ಕಂಪನಿಯಾದರೆ ಈ ಎರಡು ಅಳತೆಯಲ್ಲೇ ಸಿಕ್ಕಿಬೀಳುತ್ತದೆ.

ಫೋನಿನ ಒಂದು ಉಪಾಯ

ಸಂಖ್ಯೆಗೆ ಸಿಗದ ಒಂದು ವಿಷಯ ಇದೆ, ಎಂಜಿನ್ನಿನ ಮುಖ. ಕಿಟಕಿಗಳ ಓರೆ, ಮೂಗಿನ ಬಾಗು, ಹುಬ್ಬಿನ ಹಾಗೆ ಮುಂದೆ ಬಂದ ಚಾವಣಿ. ಇದನ್ನು ಹಿಡಿಯಲು ನಾನು ಮಾಡುವುದು ಹೀಗೆ.

ನಿಜವಾದ ಎಂಜಿನ್ನಿನ ಒಳ್ಳೆಯ ಫೋಟೋ ಒಂದನ್ನು ಆರಿಸಿಕೊಳ್ಳಿ. ತೆಗೆದವರು ಎಷ್ಟು ದೂರದಲ್ಲಿ ನಿಂತಿದ್ದರು ಅಂತ ಅಂದಾಜು ಮಾಡಿ. 30 ಮೀಟರ್ ಅನ್ನಿಸಿದರೆ ಎನ್ ಸ್ಕೇಲಿನಲ್ಲಿ ಅದು 19 ಸೆಂ.ಮೀ. ಅವರ ಕಣ್ಣಿನ ಎತ್ತರ 1.6 ಮೀಟರ್, ಅದು 1 ಸೆಂ.ಮೀ. ಅಂದರೆ ಕ್ಯಾಮೆರಾದ ಕಣ್ಣು ಅವರು ನಿಂತ ನೆಲದಿಂದ ಬರೀ ಒಂದು ಸೆಂಟಿಮೀಟರ್ ಮೇಲಿರಬೇಕು. ಫೋನನ್ನು ತಲೆಕೆಳಗು ಹಿಡಿಯಿರಿ, ಲೆನ್ಸ್ ಕೆಳಗೆ ಬರುತ್ತದೆ, ಮೇಜಿಗೆ ತಾಗಿಸಿದರೆ ಹೆಚ್ಚುಕಡಿಮೆ ಅದೇ ಎತ್ತರ. 19 ಸೆಂ.ಮೀ. ದೂರದಿಂದ ಅದೇ ಕೋನದಲ್ಲಿ ಫೋಟೋ ತೆಗೆದು ಬೇಕಾದಷ್ಟು ಕತ್ತರಿಸಿ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಝೂಮ್ ಎಷ್ಟು ಅನ್ನುವುದು ಮುಖ್ಯವಲ್ಲ, ದೂರ ಮುಖ್ಯ. ಮುಂದಿನದು ದೊಡ್ಡದಾಗಿ ಹಿಂದಿನದು ಚಿಕ್ಕದಾಗಿ ಕಾಣುವ ಪ್ರಮಾಣ ಬದಲಾಗುವುದು ದೂರದಿಂದ ಮಾತ್ರ.

ಇದನ್ನು ಮೊದಲ ಸಲ ಮಾಡಿದಾಗ ನನಗೆ ಮೈ ಜುಮ್ಮೆಂದಿತು. ಅಂಗೈಯಲ್ಲಿ ಹಿಡಿದು ಮೇಲಿನಿಂದ ನೋಡುತ್ತಿದ್ದ ಆಟಿಕೆ, ಪ್ಲಾಟ್‌ಫಾರ್ಮಿನ ಪಕ್ಕ ನಿಂತ ನೂರು ಟನ್ನಿನ ಯಂತ್ರ ಆಗಿಬಿಡುತ್ತದೆ. ತಪ್ಪುಗಳೂ ಹಾಗೇ ಎದ್ದು ಕಾಣುತ್ತವೆ. ಚಾವಣಿಯ ಬಾಗು ಚಪ್ಪಟೆಯಾಗಿದ್ದರೆ, ಕಿಟಕಿ ಒಂದು ಕೂದಲೆಳೆ ಮೇಲಿದ್ದರೆ, ಕ್ಷಣದಲ್ಲಿ ಗೊತ್ತಾಗುತ್ತದೆ.

ಈ ಫೋಟೋದಲ್ಲೇ ಇನ್ನೊಂದು ನೋಡಿ: ಬೆಳಕು. ಹಬೆ ಎಂಜಿನ್ನಿನ ಬಾಯ್ಲರಿಗೂ ಕೆಳಗಿನ ಚೌಕಟ್ಟಿಗೂ ನಡುವೆ ಎಷ್ಟೋ ವರ್ಗಗಳಲ್ಲಿ ಖಾಲಿ ಜಾಗ ಇರುತ್ತದೆ, ಆ ಕಡೆಯ ಆಕಾಶ ಕಾಣುತ್ತದೆ. ಮಾದರಿಯಲ್ಲಿ ಅಲ್ಲಿ ಮೋಟಾರು, ಗೇರು, ತೂಕದ ಲೋಹ ತುಂಬಿರುತ್ತದೆ. ಆ ಸಣ್ಣ ಬೆಳಕಿನ ಕಿಂಡಿಯನ್ನು ಉಳಿಸಿಕೊಂಡ ಮಾದರಿ ಕಂಡರೆ ನಾನು ಅದಕ್ಕೆ ನೂರು ರಿವೆಟ್ಟಿಗಿಂತ ಜಾಸ್ತಿ ಬೆಲೆ ಕೊಡುತ್ತೇನೆ. ಕೆಲವರು ಮೋಟಾರನ್ನು ಟೆಂಡರಿಗೆ ಸಾಗಿಸಿ ಇದನ್ನು ಸಾಧಿಸುತ್ತಾರೆ.

ಚಕ್ರಗಳು

ಹಬೆ ಎಂಜಿನ್ನಿನ ಜೀವ ಇರುವುದು ಚಕ್ರದಲ್ಲಿ. ಮಾದರಿ ಮಾಡುವವರ ಕಷ್ಟ ಇರುವುದೂ ಅಲ್ಲೇ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಹಳಿಯಿಂದ ಜಾರದಂತೆ ಚಕ್ರದ ಒಳಬದಿಗೆ ಒಂದು ಅಂಚು ಇರುತ್ತದೆ, ಫ್ಲ್ಯಾಂಜ್. ನಿಜದಲ್ಲಿ ಅದರ ಆಳ ಸುಮಾರು 28 ಮಿ.ಮೀ. 1:148ರಲ್ಲಿ 0.19 ಮಿ.ಮೀ. ಅಷ್ಟು ಸಣ್ಣ ಅಂಚು ಇಟ್ಟರೆ ಮಾದರಿ ಹಳಿ ಮೇಲೆ ನಿಲ್ಲುವುದೇ ಕಷ್ಟ. ಹಾಗಾಗಿ ಈಗಿನ ಎನ್ ಚಕ್ರಗಳಲ್ಲಿ ಸುಮಾರು ಅರ್ಧ ಮಿಲಿಮೀಟರ್ ಇಡುತ್ತಾರೆ, ಹಳೆಯವುಗಳಲ್ಲಿ 0.9ರ ತನಕ ಇರುತ್ತಿತ್ತು.

ಇದರಿಂದ ಏನಾಗುತ್ತದೆ ನೋಡಿ. ಫ್ಲೈಯಿಂಗ್ ಸ್ಕಾಟ್ಸ್‌ಮನ್ನಿನ ದೊಡ್ಡ ಚಕ್ರ 6 ಅಡಿ 8 ಇಂಚು, ಅಂದರೆ 2032 ಮಿ.ಮೀ. ಒಂದು ಚಕ್ರದ ನಡುವಿನಿಂದ ಮುಂದಿನ ಚಕ್ರದ ನಡುವಿಗೆ 7 ಅಡಿ 3 ಇಂಚು, 2210 ಮಿ.ಮೀ. 148ರಿಂದ ಭಾಗಿಸಿದರೆ ಚಕ್ರ 13.73, ದೂರ 14.93. ಎರಡು ಚಕ್ರಗಳ ನಡುವೆ ಉಳಿಯುವುದು 1.2 ಮಿ.ಮೀ. ಆ 1.2ರಲ್ಲಿ ಎರಡು ಚಕ್ರದ ಎರಡು ಅಂಚು ಹಿಡಿಸಬೇಕು. 0.5ರ ಅಂಚಾದರೆ ಎರಡು ಸೇರಿ 1.0, ನಡುವೆ 0.2 ಉಳಿಯಿತು, ಹೇಗೋ ಆಯಿತು. 0.9ರ ಅಂಚಾದರೆ 1.8 ಬೇಕು, ಜಾಗವೇ ಇಲ್ಲ. ಹಾಗಾದರೆ ಹಳೆಯ ಮಾದರಿ ಮಾಡಿದವರು ಏನು ಮಾಡಿರಬೇಕು? ಒಂದೋ ಚಕ್ರ ಚಿಕ್ಕದು ಮಾಡಬೇಕು, ಇಲ್ಲ ಚಕ್ರಗಳನ್ನು ದೂರ ಸರಿಸಬೇಕು. ಎರಡರಲ್ಲಿ ಯಾವುದನ್ನು ಆರಿಸಿದ್ದಾರೆ ಅಂತ ಕ್ಯಾಲಿಪರ್ ಹೇಳುತ್ತದೆ. ನನ್ನನ್ನು ಕೇಳಿದರೆ ಚಕ್ರ 3-4 ಪರ್ಸೆಂಟ್ ಚಿಕ್ಕದಾಗಲಿ, ದೂರ ಮಾತ್ರ ಬದಲಾಗಬಾರದು. ಚಕ್ರ ಸರಿದರೆ ಮೇಲಿನ ಬಾಯ್ಲರು, ಮೆಟ್ಟಿಲು, ಸಿಲಿಂಡರು ಎಲ್ಲದರ ಹೊಂದಿಕೆಯೂ ಕೆಡುತ್ತದೆ.

ಆಮೇಲೆ ಕಡ್ಡಿಗಳನ್ನು ಎಣಿಸಿ. ಫೋಟೋದಲ್ಲಿ ಎಣಿಸಿ, ಮಾದರಿಯಲ್ಲಿ ಎಣಿಸಿ. ಕಡ್ಡಿಗಳ ನಡುವೆ ಆ ಕಡೆ ಕಾಣಬೇಕು, ಕಪ್ಪು ತಗಡು ಇರಬಾರದು. ಕ್ರ್ಯಾಂಕ್ ಪಿನ್ (ಚಕ್ರಕ್ಕೆ ಸರಳು ಜೋಡಿಸುವ ಗೂಟ) ಒಂದು ಕಡ್ಡಿಯ ನೇರಕ್ಕೆ ಇದೆಯೋ, ಎರಡು ಕಡ್ಡಿಯ ನಡುವೆ ಇದೆಯೋ ನೋಡಿ, ಇದು ವರ್ಗದಿಂದ ವರ್ಗಕ್ಕೆ ಬದಲಾಗುತ್ತದೆ. ಎದುರು ಬದಿಯ ಅರ್ಧಚಂದ್ರದಂಥ ತೂಕದ ತುಂಡು ಮೂರು ಚಕ್ರಗಳಲ್ಲೂ ಒಂದೇ ಗಾತ್ರ ಇದ್ದರೆ ಅನುಮಾನ ಪಡಿ. ನಿಜದಲ್ಲಿ ಎಂಜಿನ್ ತಳ್ಳುವ ಮುಖ್ಯ ಚಕ್ರದ್ದು ಸಾಮಾನ್ಯವಾಗಿ ಬೇರೆ ಗಾತ್ರ.

ಚಕ್ರದ ಹೊರಗಿನ ಸರಳುಗಳಲ್ಲಿ ಎಲ್ಲರೂ ಮರೆಯುವ ಒಂದು ತುಂಡು ಇದೆ, ರಿಟರ್ನ್ ಕ್ರ್ಯಾಂಕ್. ಮುಖ್ಯ ಚಕ್ರದ ಪಿನ್ನಿನ ಮೇಲೆ ಓರೆಯಾಗಿ ಕೂತ ಪುಟ್ಟ ತೋಳು. ಪಿನ್ ಪೂರ್ತಿ ಕೆಳಗೆ ಬರುವಂತೆ ಚಕ್ರ ತಿರುಗಿಸಿ, ತೋಳು ಮುಂದಕ್ಕೆ ವಾಲಿದೆಯೋ ಹಿಂದಕ್ಕೋ ನೋಡಿ. ಒಳಗಿನಿಂದ ಹಬೆ ಬಿಡುವ ಪಿಸ್ಟನ್ ವಾಲ್ವಿನ ವಾಲ್‌ಶಾರ್ಟ್ಸ್ (ವಾಲ್ವ್ ನಡೆಸುವ ಸರಳುಗಳ ಒಂದು ಬಗೆ) ಎಂಜಿನ್ನುಗಳಲ್ಲಿ ಅದು ಸಾಮಾನ್ಯವಾಗಿ ಮುಂದಕ್ಕೆ ವಾಲುತ್ತದೆ. ನಿಮ್ಮ ಎಂಜಿನ್ನಿನ ಫೋಟೋ ನೋಡಿ ಖಚಿತ ಮಾಡಿಕೊಳ್ಳಿ. ಇನ್ನೊಂದು ಪಕ್ಕದಲ್ಲೂ ಅದೇ ಕಡೆಗೆ ವಾಲಿರಬೇಕು. ಜೋಡಿಸುವಾಗ ಒಂದು ಪಕ್ಕ ಉಲ್ಟಾ ಕೂರಿಸಿದ್ದನ್ನು ನಾನೇ ಎರಡು ಸಲ ಕಂಡಿದ್ದೇನೆ. ಓಡಾಟಕ್ಕೆ ಏನೂ ತೊಂದರೆ ಇಲ್ಲ. ಆದರೆ ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ಅದೇ ಕಾಣುತ್ತದೆ.

ಎನ್ ಚಕ್ರದ ಅಗಲ ಸುಮಾರು 2 ಮಿ.ಮೀ., ನಿಜಕ್ಕೆ ಏರಿಸಿದರೆ 320. ನಿಜವಾದ ಚಕ್ರ 140ರ ಆಸುಪಾಸು. ಹಾಗಾಗಿ ಸರಳುಗಳು ಹೊರಗೆ ಬರುತ್ತವೆ, ಸಿಲಿಂಡರುಗಳೂ ಹೊರಗೆ ಬರುತ್ತವೆ, ಎದುರಿನಿಂದ ಎಂಜಿನ್ ಸ್ವಲ್ಪ ಅಗಲ ಕಾಣುತ್ತದೆ. ಇದು ತಪ್ಪಿದ್ದಲ್ಲ, ಕ್ಷಮಿಸಿಬಿಡಿ.

ಈಗ ರಿವೆಟ್, ಕಂಬಿ, ಜಾಲರಿ

ವಿವರಗಳನ್ನು ನೋಡುವಾಗ ಕೇಳಬೇಕಾದ ಪ್ರಶ್ನೆ "ಇದೆಯಾ" ಅಲ್ಲ, "ಎಷ್ಟು ದಪ್ಪ ಇದೆ".

ಕೈಯಲ್ಲಿ ಹಿಡಿದು ಹತ್ತುವ ಕಂಬಿ ನಿಜದಲ್ಲಿ ಸುಮಾರು 30 ಮಿ.ಮೀ. ದಪ್ಪ. ಎನ್ ಸ್ಕೇಲಿನಲ್ಲಿ 0.19. ಪ್ಲಾಸ್ಟಿಕ್ಕಿನಲ್ಲಿ ಅಷ್ಟು ತೆಳುವಾಗಿ ಎರಕ ಹೊಯ್ಯುವುದು ಕಷ್ಟ, ಹೊಯ್ದರೂ ಮುಟ್ಟಿದರೆ ಮುರಿಯುತ್ತದೆ, ಹಾಗಾಗಿ ಅರ್ಧ ಮಿಲಿಮೀಟರ್ ಮಾಡುತ್ತಾರೆ. ಅದು ನಿಜದಲ್ಲಿ 80 ಮಿ.ಮೀ. ಕೊಳವೆ. ಕ್ಯಾಬಿನ ಬಾಗಿಲ ಪಕ್ಕ ಅಷ್ಟು ದಪ್ಪದ ಕೊಳವೆ ಇದ್ದರೆ ಡ್ರೈವರಿನ ಮುಷ್ಟಿಗೆ ಸಿಗುವುದೇ ಇಲ್ಲ. ಇಂಥ ಕಡೆ ನನ್ನ ಅಭಿಪ್ರಾಯ ಖಡಾಖಂಡಿತ: ದಪ್ಪ ಕಂಬಿ ಬೇರೆಯಾಗಿ ಕೂರಿಸುವುದಕ್ಕಿಂತ ಮೈಗೆ ಅಂಟಿಕೊಂಡ ಹಾಗೆ ಅಚ್ಚಿನಲ್ಲೇ ತೆಳುವಾಗಿ ಮೂಡಿಸಿದ ಕಂಬಿ ಎಷ್ಟೋ ವಾಸಿ. ತೆಳು ಲೋಹದ ತಂತಿ ಆದರೆ ಮಾತು ಬೇರೆ, ಅದಕ್ಕೆ ಕೈ ಮುಗಿಯಬೇಕು.

ರಿವೆಟ್ಟೂ ಹಾಗೇ. ನಿಜವಾದ ತಲೆ 30-35 ಮಿ.ಮೀ. ಅಗಲ ಅಂದುಕೊಂಡರೆ ಎನ್ ಸ್ಕೇಲಿನಲ್ಲಿ 0.2. ಅದಕ್ಕಿಂತ ದೊಡ್ಡದಾದರೆ ಎಂಜಿನ್ನಿಗೆ ಬೊಕ್ಕೆ ಎದ್ದ ಹಾಗೆ ಕಾಣುತ್ತದೆ. ಬಾಗಿಲಿನ ಸುತ್ತ ಕೊರೆದ ಗೆರೆ 0.1 ಮಿ.ಮೀ. ಇದ್ದರೂ ನಿಜದಲ್ಲಿ 16 ಮಿ.ಮೀ. ಸಂದಿ, ಹೆಬ್ಬೆರಳು ತೂರುವಷ್ಟು. ಇನ್ನೊಂದು ವಿಷಯ ಯೋಚಿಸಿ: ನೀವು ಎನ್ ಎಂಜಿನ್ನನ್ನು 30 ಸೆಂ.ಮೀ. ದೂರದಿಂದ ನೋಡುತ್ತೀರಿ ಅಂದರೆ ನಿಜವಾದ ಎಂಜಿನ್ನಿನಿಂದ 48 ಮೀಟರ್ ದೂರ ನಿಂತಿದ್ದೀರಿ. ಅಷ್ಟು ದೂರದಿಂದ ನಿಮಗೆ ರಿವೆಟ್ ಕಾಣುತ್ತದಾ? ಚಾವಣಿಯ ನೆರಳು ಕಾಣುತ್ತದೆ, ಕಿಟಕಿಯ ಹೊಳಪು ಕಾಣುತ್ತದೆ, ಜಾಲರಿಯ ಹಿಂದಿನ ಕತ್ತಲು ಕಾಣುತ್ತದೆ.

ಅದಕ್ಕೇ ಡೀಸೆಲ್ಲಿನಲ್ಲಿ ನಾನು ಜಾಲರಿ ಮತ್ತು ಗಾಜಿನ ಮೇಲೆ ಜಾಸ್ತಿ ಗಮನ ಇಡುತ್ತೇನೆ. ತೆಳು ಲೋಹದಲ್ಲಿ ಕೊರೆದ ಜಾಲರಿ, ಅದರ ಕೆಳಗೆ ಫ್ಯಾನ್ ಕಾಣುವ ಹಾಗಿದ್ದರೆ ಆಳ ಬರುತ್ತದೆ. ಗಾಜು ಮೈಯ ಮಟ್ಟಕ್ಕೇ ಕೂತಿರಬೇಕು. ದಪ್ಪ ಪ್ಲಾಸ್ಟಿಕ್ ಗಾಜು ಹಿಂದೆ ಸರಿದು ಕೂತಿದ್ದರೆ ಕಿಟಕಿಯ ಅಂಚಿನಲ್ಲಿ ಗೋಡೆಯ ದಪ್ಪ ಕಾಣುತ್ತದೆ, ಎಂಜಿನ್ ಸಿಮೆಂಟಿನದ್ದು ಅನ್ನಿಸುತ್ತದೆ. ಗಾಳಿಕಿಂಡಿಗಳನ್ನು ಮಾತ್ರ ಎಣಿಸಲೇಬೇಕು. ಜಿಪಿ7, ಜಿಪಿ9 ದೂರದಿಂದ ಅಣ್ಣ ತಮ್ಮಂದಿರ ಹಾಗೆ, ಅವನ್ನು ಬೇರೆ ಮಾಡುವುದು ಬಾಗಿಲುಗಳ ಮೇಲಿನ ಪಟ್ಟಿ ಪಟ್ಟಿ ಗಾಳಿಕಿಂಡಿಗಳ ಜಾಗ ಮತ್ತು ಸಂಖ್ಯೆ.

ಡಬ್ಬಿಯಲ್ಲಿ ಒಂದು ಪುಟ್ಟ ಚೀಲ ಇರುತ್ತದೆ, ಅದನ್ನು ಮರೆಯಬೇಡಿ. ಬಿಗಿ ತಿರುವಿನಲ್ಲಿ ಚಕ್ರಕ್ಕೆ ತಾಗುತ್ತವೆ ಅಂತ ಸಿಲಿಂಡರಿನ ನೀರಿನ ಕೊಳವೆ, ಕೆಳಗಿನ ಮೆಟ್ಟಿಲು, ಬ್ರೇಕ್ ಪೈಪುಗಳನ್ನು ಕೂರಿಸದೆ ಹಾಗೇ ಕೊಟ್ಟಿರುತ್ತಾರೆ. ಅದನ್ನು ಕೂರಿಸಿ ನೋಡದೆ "ಮುಂಭಾಗ ಖಾಲಿ" ಅನ್ನುವುದು ಸರಿಯಲ್ಲ.

ಬಣ್ಣ, ಅಕ್ಷರ, ದೀಪ

ಬಣ್ಣವನ್ನು ಹಗಲಿನ ಬೆಳಕಿನಲ್ಲಿ ನೋಡಿ, ಕಿಟಕಿಯ ಪಕ್ಕ. ಹಳೆಯ ಫೋಟೋದ ಬಣ್ಣ ನಂಬಬೇಡಿ, ಫಿಲ್ಮಿನ ಬಣ್ಣ ವರ್ಷ ಕಳೆದಂತೆ ಬದಲಾಗುತ್ತದೆ. ನಿಜವಾದ ಬಣ್ಣದ ಕೋಡ್ ಗೊತ್ತಿದ್ದರೆ ಒಳ್ಳೆಯದು, ಜರ್ಮನಿಯ ಈಗಿನ ಕೆಂಪು ಎಂಜಿನ್ನುಗಳದ್ದು ರಾಲ್ 3020 ಅಂತ ಇದ್ದ ಹಾಗೆ. ಆದರೂ ಅದೇ ಬಣ್ಣವನ್ನು ಪುಟ್ಟ ಮೈಗೆ ಬಳಿದರೆ ಗಾಢ ಅನ್ನಿಸುತ್ತದೆ, ಒಂದು ಎಳೆ ತಿಳಿ ಮಾಡಿದ್ದರೆ ನಾನು ಅದನ್ನು ತಪ್ಪು ಅನ್ನುವುದಿಲ್ಲ. ಹೊಳಪು ಮಾತ್ರ ಕಡಿಮೆ ಇರಬೇಕು. ಬಣ್ಣದ ಪದರ 0.05 ಮಿ.ಮೀ. ಇದ್ದರೂ ನಿಜದಲ್ಲಿ 8 ಮಿ.ಮೀ. ದಪ್ಪ ಆಗುತ್ತದೆ, ಒಳ್ಳೆಯ ಅಚ್ಚಿನ ಮೂಲೆಗಳೆಲ್ಲ ಅದರಡಿ ಮುಚ್ಚಿಹೋಗುತ್ತವೆ.

ಅಕ್ಷರಗಳಲ್ಲಿ ಓದಲು ಬರುತ್ತದೆಯಾ ಅನ್ನುವುದಕ್ಕಿಂತ ಅಕ್ಷರದ ರೂಪ ಆ ಕಾಲದ್ದೇನಾ ನೋಡಿ. ಪಶ್ಚಿಮ ಜರ್ಮನಿಯಲ್ಲಿ 1968ರಲ್ಲಿ ಕಂಪ್ಯೂಟರಿಗೆ ಹೊಂದುವ ಹೊಸ ನಂಬರು ಬಂತು, 01 ಇದ್ದದ್ದು 001 ಆಯಿತು, ಕೊನೆಗೆ ಒಂದು ತಪಾಸಣೆ ಅಂಕಿ ಸೇರಿತು. ಎಂಜಿನ್ನಿನ ನಂಬರು ಹೊಸದು, ಉಳಿದ ಸಜ್ಜು 1950ರದ್ದು ಇದ್ದರೆ ಅಲ್ಲಿ ಗೊಂದಲ ಇದೆ. ದೀಪ ಹಬೆ ಎಂಜಿನ್ನಿಗೆ ಬೆಚ್ಚನೆಯ ಹಳದಿ ಇರಬೇಕು. ನೀಲಿ ಬಿಳಿ ಬೆಳಕು ಬಂದರೆ ಒಳಗೆ ಬಿಳಿ ಎಲ್‌ಇಡಿ ಹಾಕಿ ಕೈ ತೊಳೆದುಕೊಂಡಿದ್ದಾರೆ.

ಯಾವ ತಪ್ಪು ಎಷ್ಟು ದೊಡ್ಡದು

ಅಂಕ ಕೊಟ್ಟು ಕೂಡಿಸುವ ಪದ್ಧತಿ ನನಗೆ ಹಿಡಿಸುವುದಿಲ್ಲ. ಬಾಯ್ಲರ್ ಎತ್ತರ ತಪ್ಪಿದ ಎಂಜಿನ್ ಬಣ್ಣಕ್ಕೆ ಹತ್ತು, ಅಕ್ಷರಕ್ಕೆ ಹತ್ತು ಪಡೆದು ಪಾಸಾಗಿಬಿಡುತ್ತದೆ. ನಾನು ನೋಟ್‌ಬುಕ್ಕಿನಲ್ಲಿ ತಪ್ಪುಗಳನ್ನು ಎರಡು ಭಾಗ ಮಾಡಿ ಬರೆಯುತ್ತೇನೆ. ನನ್ನ ಕೈಯಲ್ಲಿ ಸರಿ ಮಾಡಲು ಆಗುವುದು, ಆಗದೇ ಇರುವುದು. ನಂಬರ್ ಪ್ಲೇಟ್, ದಪ್ಪ ಕಂಬಿ, ಚಿಮಣಿ, ಬಫರ್, ಹೊಳಪು, ಉಲ್ಟಾ ಕೂತ ರಿಟರ್ನ್ ಕ್ರ್ಯಾಂಕ್, ಟೆಂಡರಿನ ಸಂದಿ, ಇವೆಲ್ಲ ಮೊದಲ ಭಾಗಕ್ಕೆ. ಹುಡ್ಡಿನ ಅಗಲ, ಬಾಯ್ಲರಿನ ಎತ್ತರ, ಚಕ್ರಗಳ ದೂರ, ಮುಖದ ಬಾಗು ಎರಡನೆಯದಕ್ಕೆ. ಎರಡನೇ ಭಾಗ ಖಾಲಿ ಇದ್ದರೆ ಮೊದಲನೆಯದು ಒಂದು ಪುಟ ಇದ್ದರೂ ಆ ಎಂಜಿನ್ನನ್ನು ನಾನು ಇಟ್ಟುಕೊಳ್ಳುತ್ತೇನೆ.

ನಿಮ್ಮ ಅಭಿಪ್ರಾಯವನ್ನು ಬೇರೆಯವರಿಗೆ ಹೇಳುವಾಗ ಮೂರು ವಿಷಯ ಜೊತೆಗೆ ಬರೆಯಿರಿ: ಯಾವ ನಂಬರಿನ, ಯಾವ ವರ್ಷದ ಎಂಜಿನ್ ಜೊತೆ ಹೋಲಿಸಿದಿರಿ, ನಿಜದ ಅಳತೆ ಎಲ್ಲಿಂದ ತೆಗೆದುಕೊಂಡಿರಿ, ಮಾದರಿಯಲ್ಲಿ ಎಷ್ಟು ಬಂತು. "ಮೂಗು ಸರಿ ಇಲ್ಲ" ಅಂದರೆ ಜಗಳ ಆಗುತ್ತದೆ. "ಮೂಗು 0.8 ಮಿ.ಮೀ. ಗಿಡ್ಡ" ಅಂದರೆ ಇನ್ನೊಬ್ಬರು ತಮ್ಮದನ್ನು ಅಳೆದು ಹೌದೋ ಅಲ್ಲವೋ ಹೇಳಬಹುದು. ಒಂದೇ ಮಾದರಿಯ ಎರಡು ಎಂಜಿನ್ನುಗಳಲ್ಲಿ ಬೇರೆ ಬೇರೆ ಬಂದರೆ ಅಚ್ಚು ಸರಿಯಿದೆ, ಜೋಡಣೆ ಸಡಿಲ, ಮೈಯನ್ನು ಬಿಚ್ಚಿ ಸರಿಯಾಗಿ ಒತ್ತಿ ಕೂರಿಸಿ ಇನ್ನೊಮ್ಮೆ ಅಳೆಯಿರಿ.